ತೊಳೆಯುವ ವಿದ್ಯೆ

ರಾಜಾಜಿಯವರ ಹೆಸರನ್ನು ಹೊತ್ತ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಹಿಂದೊಮ್ಮೆ ಸುತ್ತಾಡಿದವರು, ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ನಲ್ಲಿಗೆ ಹಿಡಿದು ನಿಂತ ಸ್ಕ್ರೀನ್ ಪ್ರಿಂಟಿಂಗಿನ ಹುಡುಗನನ್ನು ಕಂಡಿರಬಹುದು. ಅಂಟಿಗೆ ಬೈಕ್ರೋಮೇಟ್ ಬೆರೆಸಿ ಬಟ್ಟೆಗೆ ಬಳಿದು, ಮಬ್ಬಿನಲ್ಲಿ ಒಣಗಿಸಿ, ಲಗ್ನಪತ್ರಿಕೆಯ ಫಿಲ್ಮನ್ನು ಅದರ ಮೇಲಿಟ್ಟು ಬೆಳಕಿಗೊಡ್ಡಿದರೆ, ಬೆಳಕು ತಾಗಿದ ಅಂಟು ಗಟ್ಟಿಯಾಗುವುದು. ಅಕ್ಷರದ ನೆರಳಿನಲ್ಲಿದ್ದುದು ನೀರಿಗೆ ಕರಗಿ, ಶಾಯಿಗೆ ದಾರಿ ಬಿಡುವುದು. ತೊಳೆದುದು ಸಾಲದಿದ್ದರೆ ಒತ್ತಕ್ಷರದ ಎಳೆ ಮುಚ್ಚಿಯೇ ಉಳಿಯುತ್ತದೆ. ಅತಿಯಾದರೆ ಅನುಸ್ವಾರದ ನಡುವಣ ಅಂಟು ಕಿತ್ತುಬಂದು, ಸೊನ್ನೆಯು ಶಾಯಿಯ ಬೊಟ್ಟಾಗುತ್ತದೆ.

ಬರೆಯುವುದು ಬೆಳಕಾದರೂ ಬರಹವನ್ನು ತೀರಿಸುವುದು ತೊಳೆಯುವ ದ್ರವವೇ ಎಂಬ ಈ ತತ್ತ್ವ ಪುರಾತನವಾದುದು. 1820ರ ದಶಕದಲ್ಲಿ ಫ್ರಾನ್ಸಿನ ನಿಯೆಪ್ಸ್ ಲೋಹದ ಫಲಕಕ್ಕೆ ಶಿಲಾರಾಳವನ್ನು ಬಳಿದು, ಬಿಸಿಲು ಕಾಣದ ಭಾಗವನ್ನು ಲ್ಯಾವೆಂಡರ್ ಎಣ್ಣೆಯಿಂದ ಕರಗಿಸಿದನು. ಮುಂದೆ ಟ್ರಾನ್ಸಿಸ್ಟರಿನ ಕಾಲ ಬಂದಾಗ, ಸಾವಯವ ದ್ರಾವಕದಲ್ಲಿ ತೊಳೆಯುತ್ತಿದ್ದ ರೆಸಿಸ್ಟು ಎಂಬ ಬೆಳಕಿಗೆ ಸ್ಪಂದಿಸುವ ಲೇಪವು, ನೆನೆದ ಅವಲಕ್ಕಿಯಂತೆ ಉಬ್ಬಿ, ಸೂಕ್ಷ್ಮರೇಖೆಗಳನ್ನು ಡೊಂಕಾಗಿಸುತ್ತಿದ್ದಿತು. ಜರ್ಮನಿಯ ಕಾಲ್ಲೆ ಸಂಸ್ಥೆಯ ಆಸ್ಕರ್ ಸ್ಯೂಸ್ ಮುದ್ರಣಫಲಕಗಳಿಗಾಗಿ ಶೋಧಿಸಿದ ರಸಾಯನವು ಇದಕ್ಕೆ ಪರಿಹಾರವಾಯಿತು: ಇಲ್ಲಿ ಬೆಳಕು ಬಿದ್ದ ಭಾಗವೇ ಆಮ್ಲವಾಗಿ ಮಾರ್ಪಟ್ಟು ಕ್ಷಾರಜಲದಲ್ಲಿ ಕರಗುವುದು, ಉಳಿದುದು ಉಬ್ಬದೆ ನಿಲ್ಲುವುದು. ಆ ಕ್ಷಾರದಲ್ಲಿದ್ದ ಸೋಡಿಯಮ್ಮು ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಕೆಡಿಸುವುದೆಂದು ತಿಳಿದ ಮೇಲೆ, ಲೋಹರಹಿತವಾದ ಸಾವಯವ ಕ್ಷಾರವು ಅದರ ಸ್ಥಾನವನ್ನು ಪಡೆಯಿತು. ಸರ್ಕ್ಯೂಟ್ ಬೋರ್ಡು ಮಾಡುವ ಸಣ್ಣ ಕಾರ್ಖಾನೆಗಳಿಗಾದರೋ ಇಂದಿಗೂ ತಿಳಿಯಾದ ವಾಷಿಂಗ್ ಸೋಡದ ನೀರೇ ಸಾಕು.

ರಾಜಾಜಿನಗರಕ್ಕೆ ಅನತಿದೂರದಲ್ಲಿ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊವಿಜ್ಞಾನ ಕೇಂದ್ರದಲ್ಲಿ, ಇದೇ ಕೆಲಸವು ಹಳದಿ ದೀಪದ ನಿರ್ಧೂಳಿ ಕೋಣೆಗಳಲ್ಲಿ ನಡೆಯುತ್ತದೆ. ಇಂಥ ಕೆಲಸದಲ್ಲಿ ಕೆಲವೊಮ್ಮೆ ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣವು ಅಕ್ರಿಲಿಕ್ ಜಾತಿಯ ಪಾಲಿಮರಿನ ದೀರ್ಘಸರಪಳಿಗಳನ್ನು ತುಂಡರಿಸುವುದು. ತುಂಡುಗಳನ್ನು ಮಾತ್ರ ಕರಗಿಸಿ ಸರಪಳಿಗಳನ್ನು ಮುಟ್ಟದಿರುವುದೇ ತೊಳೆಯುವ ದ್ರವದ, ಎಂದರೆ ಡೆವಲಪರಿನ, ಧರ್ಮ. ಎಂಐಬಿಕೆ ಎಂಬ ತೀಕ್ಷ್ಣ ದ್ರಾವಕದ ಒಂದು ಪಾಲಿಗೆ ಸೌಮ್ಯವಾದ ಐಸೊಪ್ರೊಪೈಲ್ ಆಲ್ಕೊಹಾಲಿನ ಮೂರು ಪಾಲು ಬೆರೆಸುವುದೂ, ಇನ್ನೂ ನವುರಾದ ಗೆರೆ ಬೇಕಾದಾಗ ದ್ರಾವಣವನ್ನು ಸೊನ್ನೆ ಡಿಗ್ರಿಯ ಸಮೀಪಕ್ಕೆ ತಣಿಸುವುದೂ ಇದಕ್ಕಾಗಿಯೇ. ಹತ್ತು ನ್ಯಾನೊಮೀಟರಿನ ಆಸುಪಾಸಿನ ಗೆರೆಗಳು ಹೀಗೆ ಮೂಡುವುವು.

ವೇಳೆ ತುಂಬಿದೊಡನೆ ಪಾಲಿಮರು ಬಳಿದ ಬಿಲ್ಲೆಯನ್ನು ಅಪ್ಪಟ ಆಲ್ಕೊಹಾಲಿನಲ್ಲಿ ಅದ್ದಿದರೆ ಕರಗುವಿಕೆ ನಿಲ್ಲುವುದು. ಅನುಸ್ವಾರದ ನಡುವಣ ಅಂಟು ಕೀಳುವ ಮುನ್ನ ನಲ್ಲಿಯನ್ನು ತಿರುಗಿಸುತ್ತಿದ್ದ ಹುಡುಗನಿಗೂ ತಿಳಿದಿರಬೇಕಾಗಿದ್ದುದು ಅದೇ ಗಳಿಗೆ.