ವೆಂಗುರ್ಲಾ ರಸ್ತೆ ಯಾರನ್ನು ಕೇಳಿ ಅಗಲವಾಗಬೇಕು?

ಸಂಜೆ ಐದೂವರೆಗೆ ಹಿಂಡಲಗಾದ ಗಣಪತಿ ಗುಡಿ ಹತ್ತಿರ ನಿಂತು ನೋಡಿ. ಬೆಳಗಾವಿಯಿಂದ ಸುಳಗಾ, ಉಚಗಾವ ಕಡೆ ಮನೆಗೆ ಹೊರಟವರ ಬೈಕುಗಳು, ಎದುರಿಗೆ ಶಿನೋಳಿಯ ಕಾರ್ಖಾನೆಗಳಿಂದ ಕೆಲಸ ಮುಗಿಸಿ ಬರುವವರು, ನಡುವೆ ಬಸ್ಸು, ತುರಮುರಿಗೆ ನಗರದ ಕಸ ಒಯ್ಯುವ ಲಾರಿ. ಕಬ್ಬಿನ ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೂ ಸೇರುತ್ತವೆ. ಸಂಕಷ್ಟಿ ದಿನವಾದರೆ ಕೇಳುವುದೇ ಬೇಡ. ರಸ್ತೆ ದಾಟಲು ಕಾಯುವ ಶಾಲೆಯ ಹುಡುಗರು ಕಾಯುತ್ತಲೇ ಇರುತ್ತಾರೆ.

‘ರಸ್ತೆ ಅಗಲ ಆಗಬೇಕು’ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಅಗಲ, ಯಾವ ಬದಿಗೆ, ಯಾರ ಅಂಗಡಿ ಹೋಗಬೇಕು, ಯಾವ ಮರ ಉಳಿಯಬೇಕು ಎಂಬುದನ್ನು ಮಾತ್ರ ಯಾರೂ ನಮ್ಮನ್ನು ಕೇಳಿಲ್ಲ. ಇದು ಇವತ್ತಿನ ಮಾತಲ್ಲ, ಸುಮಾರು ಇನ್ನೂರು ವರ್ಷಗಳ ಕಥೆ.

ದಂಡಿನ ಹಾದಿ

1818ರಲ್ಲಿ ಥಾಮಸ್ ಮನ್ರೋನ ಸೈನ್ಯ ಬೆಳಗಾವಿ ಕೋಟೆಯನ್ನು ಹಿಡಿಯಿತು. ಆಮೇಲೆ ಇಲ್ಲಿ ಬ್ರಿಟಿಷರ ದಂಡು ನೆಲೆ ನಿಂತಿತು. ನಾವು ಈಗ ಕ್ಯಾಂಪ್ ಎನ್ನುವುದು ಅದನ್ನೇ. ದಂಡು ಎಂದ ಮೇಲೆ ಸಾಮಾನು ಬೇಕು, ಸಾಮಾನು ಬರಲು ಬಂದರು ಬೇಕು. ಹತ್ತಿರದ ಬಂದರು ವೆಂಗುರ್ಲಾ. 17ನೇ ಶತಮಾನದಲ್ಲೇ ಡಚ್ಚರು ಅಲ್ಲಿ ಕೋಠಿ ಇಟ್ಟುಕೊಂಡಿದ್ದರು. 1812ರಲ್ಲಿ ಅದು ಬ್ರಿಟಿಷರ ಕೈಗೆ ಹೋಗಿತ್ತು.

ಹಾಗೆ ಬೆಳಗಾವಿಯಿಂದ ಪಶ್ಚಿಮಕ್ಕೆ ಹಿಂಡಲಗಾ, ಸುಳಗಾ, ಬಾಚಿ, ಶಿನೋಳಿ ದಾಟಿ ಘಟ್ಟ ಇಳಿಯುವ ಹಾದಿಗೆ ಮಹತ್ವ ಬಂತು. ಮೊದಲು ರಾಮಘಾಟದ ಕಡಿದಾದ ದಾರಿ ಇತ್ತು. ಮುಂದೆ ಗಾಡಿಗಳು ಇಳಿಯುವಂತೆ ಆಂಬೋಲಿ ಘಾಟದ ರಸ್ತೆಯಾಯಿತು. ಬಯಲುಸೀಮೆಯ ಹತ್ತಿ ಕೆಳಗೆ ಇಳಿಯಿತು, ಕೊಂಕಣದ ಉಪ್ಪು, ತೆಂಗು ಮೇಲೆ ಬಂದವು. ಹಿಂಡಲಗಾದಂಥ ಊರುಗಳು ಆಗ ಎತ್ತಿನ ಗಾಡಿಗಳ ಸಾಲು ನೋಡುತ್ತಿದ್ದವು.

1880ರ ದಶಕದ ಕೊನೆಗೆ ಲೋಂಡಾ ಮೂಲಕ ಮಾರ್ಮಗೋವಾ ಬಂದರಿಗೆ ರೈಲು ಬಂತು. ವೆಂಗುರ್ಲಾದ ವ್ಯಾಪಾರ ಇಳಿಯಿತು. ರಸ್ತೆ ಮಾತ್ರ ಉಳಿಯಿತು, ಹೆಸರೂ ಉಳಿಯಿತು. ಬಂದರು ಮರೆತವರೂ ಇದನ್ನು ಈಗಲೂ ವೆಂಗುರ್ಲಾ ರಸ್ತೆ ಎಂದೇ ಕರೆಯುತ್ತಾರೆ.

ಒಂದು ಆಣೆ ಕೊಟ್ಟವರು

ಈ ಕಾಲದ ರಸ್ತೆಗಳಿಗೆ ದುಡ್ಡು ಎಲ್ಲಿಂದ ಬಂತು? ಒಂದಷ್ಟು ಸರಕಾರದ್ದು. ಇನ್ನೊಂದಷ್ಟು ನೇರವಾಗಿ ರೈತರ ಕೈಯಿಂದ ಬಂದದ್ದು. 1869ರ ಮುಂಬೈ ಪ್ರಾಂತದ ಕಾಯಿದೆ ಭೂಕಂದಾಯದ ಪ್ರತಿ ರೂಪಾಯಿಗೆ 1 ಆಣೆ ಹೆಚ್ಚುವರಿ ಕರ ಹಾಕಿತು. ಇದಕ್ಕೆ ಲೋಕಲ್ ಫಂಡ್ ಎಂದು ಹೆಸರು. ಅದರಲ್ಲಿ ಮೂರನೇ ಒಂದು ಭಾಗ ಶಾಲೆಗಳಿಗೆ, ಉಳಿದದ್ದು ರಸ್ತೆ, ಬಾವಿಗಳಂಥ ಕೆಲಸಕ್ಕೆ.

ಹತ್ತು ರೂಪಾಯಿ ಕಂದಾಯ ಕಟ್ಟುವ ರೈತ ಹತ್ತು ಆಣೆ ಬೇರೆ ಕೊಡಬೇಕಿತ್ತು. ಆದರೆ ಆ ಹಣ ಯಾವ ರಸ್ತೆಗೆ ಎಂದು ತೀರ್ಮಾನಿಸುವ ಸಮಿತಿಯ ತಲೆಯಲ್ಲಿ ಕಲೆಕ್ಟರ್ ಕೂತಿದ್ದ. ಸದಸ್ಯರು ಸರಕಾರ ಆರಿಸಿದವರು. ದಂಡಿಗೆ, ವ್ಯಾಪಾರಕ್ಕೆ ಬೇಕಾದ ದೊಡ್ಡ ಹಾದಿಗೆ ಮೊದಲ ಮಣೆ. ಹೊಲಕ್ಕೆ ಹೋಗುವ ಕೆಸರು ಹಾದಿಗೆ ಕೊನೆಯ ಸರದಿ.

1882ರಲ್ಲಿ ವೈಸರಾಯ್ ರಿಪನ್ ಸ್ಥಳೀಯ ಆಡಳಿತದಲ್ಲಿ ಜನರೂ ಇರಲಿ ಎಂದ. ಅದರಂತೆ 1884ರ ಮುಂಬೈ ಲೋಕಲ್ ಬೋರ್ಡ್ ಕಾಯಿದೆ ಬಂತು. ತಾಲೂಕು, ಜಿಲ್ಲಾ ಬೋರ್ಡುಗಳಲ್ಲಿ ಕೆಲವರನ್ನು ಚುನಾಯಿಸುವ ಪದ್ಧತಿ ಶುರುವಾಯಿತು. ಮತ ಹಾಕುವ ಹಕ್ಕು ಮಾತ್ರ ಆಸ್ತಿ ಇದ್ದವರಿಗೆ. ಕೂಲಿಯವರಿಗೆ, ಹೆಣ್ಣುಮಕ್ಕಳಿಗೆ ಅಲ್ಲಿ ಜಾಗ ಇರಲಿಲ್ಲ. 1894ರಲ್ಲಿ ಭೂಸ್ವಾಧೀನ ಕಾಯಿದೆ ಬಂತು. ‘ಸಾರ್ವಜನಿಕ ಉದ್ದೇಶ’ ಎಂದರೆ ಸಾಕು, ಸರಕಾರ ಜಮೀನು ಪಡೆಯಬಹುದಿತ್ತು. ಆ ಉದ್ದೇಶ ಏನೆಂದು ಹೇಳುವವರೂ ಸರಕಾರದವರೇ. ಈ ಕಾಯಿದೆ ಸ್ವಾತಂತ್ರ್ಯ ಬಂದ ಮೇಲೂ 2013ರವರೆಗೆ ನಡೆಯಿತು.

ಒಂದೇ ರಸ್ತೆ, ನಾಲ್ಕು ಯಜಮಾನರು

1923ರಲ್ಲಿ ಹಿಂಡಲಗಾದಲ್ಲಿ ಜೈಲು ಕಟ್ಟಿದರು. ಊರ ಹೆಸರು ದೂರದವರಿಗೆ ಗೊತ್ತಾದದ್ದು ಅದರಿಂದಲೇ. ಮುಂದೆ ರಾಕಸಕೊಪ್ಪ ಜಲಾಶಯದ ನೀರನ್ನು ನಗರಕ್ಕೆ ಎತ್ತುವ ಪಂಪಿಂಗ್ ಸ್ಟೇಶನ್ ಬಂತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಚಂದಗಡ ಮಹಾರಾಷ್ಟ್ರದ ಕಡೆ ಉಳಿಯಿತು, ಬಾಚಿ ಗಡಿಯ ಊರಾಯಿತು. ಒಂದೇ ರಸ್ತೆಗೆ ಎರಡು ರಾಜ್ಯ.

ಗಡಿಯ ಈಚೆಗೂ ಯಜಮಾನರು ಒಬ್ಬರಲ್ಲ. ಕ್ಯಾಂಪಿನಲ್ಲಿ ಕಂಟೋನ್ಮೆಂಟ್ ಬೋರ್ಡ್, ನಗರದಲ್ಲಿ ಮಹಾನಗರ ಪಾಲಿಕೆ, ಹಿಂಡಲಗಾದಲ್ಲಿ ಗ್ರಾಮ ಪಂಚಾಯಿತಿ, ಮುಖ್ಯ ರಸ್ತೆಗೆ ಲೋಕೋಪಯೋಗಿ ಇಲಾಖೆ. ಬಡಾವಣೆ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರ, ನಮ್ಮ ಜನರ ಬಾಯಲ್ಲಿ ‘ಬುಡಾ’. ಗುಂಡಿ ಬಿದ್ದರೆ ಯಾರಿಗೆ ಹೇಳಬೇಕು ಎಂಬುದೇ ಅರ್ಧ ದಿನದ ಕೆಲಸ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ರಸ್ತೆ ಎಷ್ಟು ಅಗಲ ಎಂಬುದು ಜೆಸಿಬಿ ಬಂದ ದಿನ ತೀರ್ಮಾನ ಆಗುವುದಿಲ್ಲ. ಅದಕ್ಕೆ ಎಷ್ಟೋ ವರ್ಷ ಮೊದಲು ಮಾಸ್ಟರ್ ಪ್ಲ್ಯಾನಿನ ನಕ್ಷೆಯಲ್ಲಿ ಗೆರೆ ಬಿದ್ದಿರುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಆ ನಕ್ಷೆಯನ್ನು ಮೊದಲು ಜನರ ಮುಂದಿಟ್ಟು ಆಕ್ಷೇಪಣೆ, ಸಲಹೆ ಕೇಳಬೇಕು. ಆ ಪ್ರಕಟಣೆ ಬರುವುದು ಪತ್ರಿಕೆಯ ಒಂದು ಮೂಲೆಯಲ್ಲಿ, ಕಚೇರಿಯ ಗೋಡೆಯ ಮೇಲೆ. ಅವಧಿ ಮುಗಿದ ಮೇಲೆ ಗೆರೆ ಕಾನೂನಾಗುತ್ತದೆ. ಗೆರೆಯ ಒಳಗೆ ಮನೆ ಇದ್ದವರಿಗೆ ಅದು ತಿಳಿಯುವುದು ಗೋಡೆಗೆ ಕೆಂಪು ಬಣ್ಣದ ಗುರುತು ಬಿದ್ದಾಗ.

ಕಾಗದವಿಲ್ಲದ ರಸ್ತೆ

1993ರಲ್ಲಿ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆ ಬಂತು. ಆಸ್ತಿ ಇಲ್ಲದವರೂ, ಹೆಣ್ಣುಮಕ್ಕಳೂ ಕೂತು ಮಾತಾಡುವ ಗ್ರಾಮಸಭೆಗೆ ಅದರಲ್ಲಿ ಜಾಗ ಸಿಕ್ಕಿತು. ವಾರ್ಡ್ ಸಭೆಯಲ್ಲಿ ಬೇಡಿಕೆ ಪಟ್ಟಿ, ಗ್ರಾಮಸಭೆಯಲ್ಲಿ ಆದ್ಯತೆ, ಆಮೇಲೆ ಕ್ರಿಯಾಯೋಜನೆ, ಅಂದಾಜು ಪತ್ರಿಕೆ, ಟೆಂಡರು, ಕಾರ್ಯಾದೇಶ, ಕೆಲಸ, ಬಿಲ್ಲು. ಸಾಲು ಉದ್ದ ಅನಿಸಬಹುದು. ಪ್ರತಿ ಮೆಟ್ಟಿಲಲ್ಲೂ ಜನ ಪ್ರಶ್ನೆ ಕೇಳಲು ಒಂದು ಬಾಗಿಲು ಇದೆ, ಅದಕ್ಕೇ ಅದು ಉದ್ದ.

ಆ ಸಾಲು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹಿಂಡಲಗಾ ನೋಡಿದೆ. ಇಲ್ಲಿನ ಲಕ್ಷ್ಮೀದೇವಿ ಜಾತ್ರೆಯ ಹೊತ್ತಿಗೆ ಊರಲ್ಲಿ ರಸ್ತೆ ಕಾಮಗಾರಿಗಳಾದವು. ಒಟ್ಟು ಸುಮಾರು 4 ಕೋಟಿ ರೂಪಾಯಿ ಕೆಲಸ ಮಾಡಿದ್ದೇನೆ, ಬಿಲ್ಲು ಬಂದಿಲ್ಲ ಎಂದು ಗುತ್ತಿಗೆದಾರ ಹೇಳಿದರು, ಕಮಿಷನ್ ಆರೋಪವನ್ನೂ ಮಾಡಿದರು. ಕಾರ್ಯಾದೇಶವನ್ನೇ ಕೊಟ್ಟಿಲ್ಲ ಎಂದು ಇಲಾಖೆ ಹೇಳಿತು. 2022ರ ಏಪ್ರಿಲ್‌ನಲ್ಲಿ ಆ ಗುತ್ತಿಗೆದಾರ ಉಡುಪಿಯಲ್ಲಿ ಶವವಾಗಿ ಸಿಕ್ಕರು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವರು ರಾಜೀನಾಮೆ ಕೊಟ್ಟರು. ಕೆಲವು ತಿಂಗಳ ನಂತರ ಪೊಲೀಸರು ಸಚಿವರನ್ನು ಆರೋಪದಿಂದ ಬಿಡಿಸುವ ವರದಿ ಸಲ್ಲಿಸಿದರು.

ರಾಜಕೀಯದ ಮಾತು ಸಾಕಷ್ಟು ಆಯಿತು. ಊರಿನ ಕಡೆಯಿಂದ ನೋಡಿದರೆ ಪ್ರಶ್ನೆ ಬೇರೆ. ಒಂದು ಊರಿನಲ್ಲಿ ಕೋಟಿಗಟ್ಟಲೆ ರೂಪಾಯಿ ರಸ್ತೆಯಾಗುವಾಗ ಕಾರ್ಯಾದೇಶ ಇದೆಯೋ ಇಲ್ಲವೋ ಎಂದು ಊರವರಿಗೆ ಗೊತ್ತಿರಬೇಡವೇ? ಗ್ರಾಮಸಭೆಯ ಪುಸ್ತಕದಲ್ಲಿ ಬರೆದು ಮಾಡಿದ ಕೆಲಸಕ್ಕೆ ಊರೇ ಸಾಕ್ಷಿ. ಬಾಯಿಮಾತಿನಲ್ಲಿ ಮಾಡಿದ ಕೆಲಸಕ್ಕೆ ಸಾಕ್ಷಿಯೇ ಇರಲಿಲ್ಲ, ಒಂದು ಜೀವ ಹೋಯಿತು.

ಕೇಳದೆ ಮಾಡಿದ್ದು, ಕೇಳಿ ಬಿಟ್ಟದ್ದು

ಬೆಳಗಾವಿಯ ಇನ್ನೊಂದು ಬದಿಗೆ ಹೋಗೋಣ. ಖಾನಾಪುರ, ಗೋವಾ ಕಡೆಯ ವಾಹನಗಳು ನಗರಕ್ಕೆ ಬರಬಾರದೆಂದು ಹಲಗಾ–ಮಚ್ಛೆ ಬೈಪಾಸ್ ಯೋಜನೆ ಬಂತು. ಉದ್ದೇಶ ಒಳ್ಳೆಯದೇ. ಅದು ಹಾಯುವುದು ಮಾತ್ರ ಭತ್ತ, ತರಕಾರಿ ಬೆಳೆಯುವ ಫಲವತ್ತಾದ ಹೊಲಗಳಲ್ಲಿ. 2021ರ ನವೆಂಬರ್‌ನಲ್ಲಿ ಪೊಲೀಸ್ ಕಾವಲಿನಲ್ಲಿ ಯಂತ್ರಗಳು ಹೊಲಕ್ಕೆ ಇಳಿದಾಗ ಚಿಕ್ಕ ಹಿಡುವಳಿಯ ರೈತರು ಅಡ್ಡ ನಿಂತರು. ಪ್ರಕರಣ ಕೋರ್ಟಿಗೆ ಹೋಯಿತು, ಕೆಲಸ ವರ್ಷಗಟ್ಟಲೆ ಎಳೆಯಿತು.

ನಗರದೊಳಗೆ ಹಳೆ ಪಿ.ಬಿ. ರಸ್ತೆಯಿಂದ ಶಹಾಪುರದ ಕಡೆಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ರಸ್ತೆ ಮಾಡಿದರು. ಸರಿಯಾಗಿ ಸ್ವಾಧೀನ ಮಾಡದೆ ಜಾಗ ತೆಗೆದುಕೊಂಡರು ಎಂದು ಮಾಲೀಕರು ಹೈಕೋರ್ಟಿಗೆ ಹೋದರು. ಸುಮಾರು 20 ಕೋಟಿ ರೂಪಾಯಿ ಪರಿಹಾರದ ಮಾತು ಬಂತು. ಕೊನೆಗೆ 2024ರಲ್ಲಿ ಪಾಲಿಕೆ ಜಾಗವನ್ನೇ ಹಿಂದಿರುಗಿಸಬೇಕಾಯಿತು. ಜನರ ತೆರಿಗೆಯಲ್ಲಿ ಮಾಡಿದ ರಸ್ತೆ ಜನರಿಗೇ ಇಲ್ಲವಾಯಿತು.

ಹುಬ್ಬಳ್ಳಿ–ಧಾರವಾಡ ಬೈಪಾಸ್ ನೆನಪಿಸಿಕೊಳ್ಳಿ. ಹಿಂದೆ ಮುಂದೆ ಅಗಲ ಹೆದ್ದಾರಿ, ನಡುವೆ ಇಕ್ಕಟ್ಟಾದ ರಸ್ತೆ. ಅಗಲ ಮಾಡಿ ಎಂದು ಜನ ಕೇಳುತ್ತಲೇ ಇದ್ದರು. 2021ರ ಜನವರಿ 15ರಂದು ಇಟ್ಟಿಗಟ್ಟಿ ಬಳಿ ದಾವಣಗೆರೆಯ ಗೆಳತಿಯರಿದ್ದ ವಾಹನ ಅಪಘಾತಕ್ಕೀಡಾಗಿ ಹಲವರು ಸತ್ತರು. ಮನೆಯವರು ಬೀದಿಗೆ ಬಂದರು. ಮರುವರ್ಷ ಆರು ಪಥದ ಕೆಲಸಕ್ಕೆ ಶಂಕುಸ್ಥಾಪನೆಯಾಯಿತು. ಜನರ ಮಾತು ಕೇಳಿಸಲು ಇಷ್ಟು ಜೀವ ಹೋಗಬೇಕಾಯಿತು.

ಮೊದಲೇ ಎದ್ದು ನಿಂತವರೂ ಇದ್ದಾರೆ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ, ಸುಮಾರು 1,791 ಕೋಟಿ ರೂಪಾಯಿ ವೆಚ್ಚ, 800ಕ್ಕೂ ಹೆಚ್ಚು ಮರಗಳಿಗೆ ಕೊಡಲಿ. 2016ರ ಅಕ್ಟೋಬರ್‌ನಲ್ಲಿ ಜನ ಕೈಕೈ ಹಿಡಿದು ರಸ್ತೆ ಬದಿ ನಿಂತರು, ಲೆಕ್ಕ ಕೇಳಿದರು, ಹಸಿರು ನ್ಯಾಯಮಂಡಳಿಗೂ ಹೋದರು. 2017ರ ಮಾರ್ಚ್‌ನಲ್ಲಿ ಸರಕಾರ ಯೋಜನೆ ಕೈಬಿಟ್ಟಿತು. ಅವರಿಗೆ ಪತ್ರಿಕೆ, ಟೀವಿ, ವಕೀಲರು ಎಲ್ಲ ಹತ್ತಿರದಲ್ಲಿದ್ದರು, ನಿಜ. ಆದರೆ ಅವರು ಗೆದ್ದದ್ದು ಕಂಬ ಏಳುವ ಮೊದಲೇ ಕೇಳಿದ್ದರಿಂದ.

ನಮ್ಮ ಸರದಿ

ಕಾನೂನು ಈಗ 1869ರಂತೆ ಇಲ್ಲ. ರಾಜ್ಯದ ರಸ್ತೆಗೆ ಜಮೀನು ಬೇಕಾದರೆ 2013ರ ಕಾಯಿದೆಯಲ್ಲಿ ಆಕ್ಷೇಪಣೆಗೆ 60 ದಿನ ಇದೆ. ರಾಷ್ಟ್ರೀಯ ಹೆದ್ದಾರಿಯಾದರೆ ಗೆಜೆಟ್ ಪ್ರಕಟಣೆಯ ನಂತರ 21 ದಿನ ಮಾತ್ರ. ಬೆಳಗಾವಿಯ ವರ್ತುಲ ರಸ್ತೆಗೆ ನೋಟಿಸು ಬಂದಾಗ ನಮ್ಮ ಸುತ್ತಿನ ಹಳ್ಳಿಗಳ ರೈತರು ತಕರಾರು ಅರ್ಜಿ ಹಿಡಿದು ಓಡಾಡಿದ್ದು ಇದಕ್ಕೇ. ಹೊಲದ ಕೆಲಸ ಬಿಟ್ಟು ಉತಾರ ತೆಗೆಸಿ, ಅರ್ಜಿ ಬರೆಸುವಷ್ಟರಲ್ಲಿ 21 ದಿನ ಮುಗಿಯುತ್ತವೆ.

ಹಾಗಾಗಿ ನೋಟಿಸು ಬರುವ ಮೊದಲೇ ನಾವು ಮಾಡಬಹುದಾದ ಕೆಲಸ ಇದೆ. ಗಣಪತಿ ಗುಡಿಯಿಂದ ಸುಳಗಾದವರೆಗೆ ಒಂದು ದಿನ ಕೂಡಿ ನಡೆಯೋಣ. ಶಾಲೆಯ ಮಕ್ಕಳು ಎಲ್ಲಿ ದಾಟುತ್ತಾರೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ತರಕಾರಿ ಮಾರುವ ಅವ್ವಂದಿರು ಎಲ್ಲಿ ಕೂಡುತ್ತಾರೆ, ಬಸ್ಸು ನಿಂತಾಗ ಹಿಂದೆ ಎಷ್ಟು ಗಾಡಿ ನಿಲ್ಲುತ್ತವೆ ಎಂದು ಬರೆದಿಟ್ಟುಕೊಳ್ಳೋಣ. ಎಷ್ಟೋ ಕಡೆ ಅಂಗಡಿ ಒಡೆಯದೆ, ಬಸ್ ನಿಲ್ದಾಣ ಸ್ವಲ್ಪ ಸರಿಸಿ, ಚರಂಡಿಗೆ ಮುಚ್ಚಳ ಹಾಕಿ, ಭಾರಿ ಲಾರಿಗಳ ಹೊತ್ತು ಬದಲಿಸಿದರೂ ದಟ್ಟಣೆ ಕಡಿಮೆಯಾದೀತು. ಇದು ಎಂಜಿನಿಯರರಿಗಿಂತ ದಿನಾ ನಡೆಯುವವರಿಗೆ ಚೆನ್ನಾಗಿ ಗೊತ್ತು.

ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಠರಾವು ಬರೆಸಬೇಕು. ಠರಾವಿನ ನಕಲು ಲೋಕೋಪಯೋಗಿ ಇಲಾಖೆಗೂ ಬುಡಾಕ್ಕೂ ಕೊಟ್ಟು ಸ್ವೀಕೃತಿ ಪಡೆಯಬೇಕು. ಮಾಸ್ಟರ್ ಪ್ಲ್ಯಾನಿನಲ್ಲಿ ನಮ್ಮ ರಸ್ತೆಯ ಅಗಲ ಎಷ್ಟೆಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಅರ್ಜಿಗೆ 10 ರೂಪಾಯಿ. ನಮ್ಮಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ, ಮರಾಠಿ ಮಾತಾಡುವವರೂ ಇದ್ದಾರೆ. ಸಭೆಯಲ್ಲಿ ಓದಿದ್ದು ಇಬ್ಬರಿಗೂ ತಿಳಿಯಬೇಕು, ಯಾಕೆಂದರೆ ಗೋಡೆಗೆ ಬೀಳುವ ಕೆಂಪು ಗುರುತು ಭಾಷೆ ನೋಡಿ ಬೀಳುವುದಿಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ನಿಮ್ಮ ಊರಲ್ಲಿ ಕಳೆದ ಸಭೆ ಯಾವಾಗ ಆಯಿತು, ರಸ್ತೆಯ ಬಗ್ಗೆ ಏನು ಬರೆದರು ಎಂದು ಪಂಚಾಯಿತಿಗೆ ಹೋಗಿ ಪುಸ್ತಕ ತೆರೆಸಿ ನೋಡಿ. ಏನೂ ಬರೆದಿಲ್ಲವಾದರೆ ಮುಂದಿನ ಸಭೆಯ ತಾರೀಕು ಕೇಳಿಕೊಂಡು ಬನ್ನಿ.