ವಾರ್ಡ್‌ನ ಬಾಟಲಿ, ಗುತ್ತಿಯ ಜೇಡ

ಟರಂಟುಲಾ ಎಂಬ ದೊಡ್ಡ ಜೇಡಗಳನ್ನು ಸಾಕುವ ಹವ್ಯಾಸಿಗಳು ಈಗೀಗ ಬರಿಯ ಗಾಜಿನ ಪೆಟ್ಟಿಗೆಗೆ ತೃಪ್ತರಾಗುವುದಿಲ್ಲ. ಒಳಗೆ ಮಣ್ಣು, ತರಗೆಲೆ, ಜೀವಂತ ಗಿಡ ಬೇಕು. ಜೇಡ ತಿಂದುಳಿಸಿದ ಚೂರುಗಳನ್ನು, ಬೂಷ್ಟನ್ನು ತಿಂದು ಮುಗಿಸಲು ಸ್ಪ್ರಿಂಗ್‌ಟೇಲ್, ಐಸೊಪಾಡ್ ಎಂಬ ಪುಟ್ಟ ಜೀವಿಗಳನ್ನೂ ಬಿಡುತ್ತಾರೆ. ಇದಕ್ಕೆ ಬಯೋಆಕ್ಟಿವ್ ಟೆರೇರಿಯಂ ಎಂದು ಹೆಸರು. ಹೆಸರು ಹೊಸದು. ಆದರೆ ಗಾಜಿನೊಳಗಿನ ತೋಟದ ಕಥೆ ಶುರುವಾದದ್ದೇ ಒಂದು ಕೀಟದಿಂದ.

1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪತಂಗದ ಕೋಶವೊಂದನ್ನು ಹಸಿಮಣ್ಣಿನಲ್ಲಿ ಹೂತು, ಬಾಟಲಿಗೆ ಮುಚ್ಚಳ ಹಾಕಿಟ್ಟ. ಪತಂಗಕ್ಕಾಗಿ ಕಾಯುತ್ತಿದ್ದವನಿಗೆ ಕಂಡದ್ದು ಒಂದು ಜರಿಗಿಡ, ಒಂದು ಹುಲ್ಲಿನ ಮೊಳಕೆ. ಕಲ್ಲಿದ್ದಲ ಹೊಗೆಗೆ ಅವನ ಮನೆಯಂಗಳದಲ್ಲಿ ಸಾಯುತ್ತಿದ್ದ ಜರಿಗಿಡ ಇಲ್ಲಿ ಯಾರೂ ನೀರೆರೆಯದೆ ಬದುಕಿತ್ತು. ಮಣ್ಣಿನಿಂದೆದ್ದ ತೇವ ಗಾಜಿಗೆ ಅಂಟಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಸುಮಾರು ನಾಲ್ಕು ವರ್ಷ ಹೀಗೇ ನಡೆಯಿತು. ಕಡೆಗೆ ವಾರ್ಡ್ ಮನೆಯಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು, ಮಳೆನೀರು ನುಗ್ಗಿ ಗಿಡಗಳು ಸತ್ತವು. (ಟೆರೇರಿಯಂ ಇಟ್ಟವರಿಗೆಲ್ಲ ಪರಿಚಿತವಾದ ಸಾವು ಇದು.)

1833ರಲ್ಲಿ ಹೊರಟ ಅವನ ಎರಡು ಪೆಟ್ಟಿಗೆಗಳು ಹಡಗಿನಲ್ಲಿ ಸಿಡ್ನಿ ತಲುಪಿದವು, ಗಿಡಗಳು ಹಸಿರಾಗಿಯೇ ಇದ್ದವು. ಮುಂದೆ ಚೀನಾದ ಚಹಾ ಹಿಮಾಲಯಕ್ಕೂ ದಕ್ಷಿಣ ಅಮೆರಿಕದ ಸಿಂಕೋನಾ ನೀಲಗಿರಿಗೂ ಹೊರಟದ್ದು ಇಂಥ ಪೆಟ್ಟಿಗೆಗಳಲ್ಲೇ. ನಾನು ವಾರ್ಡ್‌ನನ್ನು ಮೊದಲು ಓದಿದ್ದು ಚಹಾದ ಇತಿಹಾಸದಲ್ಲಿ, ಆಗ ಪೆಟ್ಟಿಗೆಯೊಳಗಿನ ಮಣ್ಣನ್ನು ಗಮನಿಸಿರಲಿಲ್ಲ. ಗಿಡದ ಜೊತೆ ಕರೆಯದ ಹುಳುಗಳೂ ಸಮುದ್ರ ದಾಟಿದ್ದವು. ಅಂದು ಕದ್ದು ಬಂದವುಗಳ ಬಂಧುಗಳನ್ನೇ ಇಂದು ದುಡ್ಡು ಕೊಟ್ಟು ಪೆಟ್ಟಿಗೆಗೆ ಬಿಡುತ್ತಾರೆ!

ಪೆಟ್ಟಿಗೆಯ ಯಜಮಾನ ಜೇಡಕ್ಕೂ ಇಂಥದೇ ಪ್ರಯಾಣದ ಚರಿತ್ರೆಯಿದೆ. ಬಳ್ಳಾರಿಯಿಂದ ಪೂರ್ವಕ್ಕೆ ಗುಂತಕಲ್ಲು ದಾಟಿದರೆ ಸಿಗುವ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕ ನೀಲಿ ಜೇಡವೊಂದನ್ನು ರೆಜಿನಾಲ್ಡ್ ಪೊಕಾಕ್ 1899ರಲ್ಲಿ ಪೊಯೆಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಸಿದ. ಮತ್ತೆ ಅದು ಕಂಡದ್ದು 2001ರಲ್ಲಿ, ಸುಮಾರು ನೂರು ಕಿಲೋಮೀಟರ್ ದೂರದ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ. ಕಡಿದ ಮರದೊಂದಿಗೆ ರೈಲಿನಲ್ಲಿ ಗುತ್ತಿಗೆ ಬಂದಿರಬೇಕು ಎಂಬುದು ತಜ್ಞರ ಊಹೆ. ಹೆಸರಿಗೆ ಅಂಟಿದ ಊರು ಅದರ ಊರೇ ಅಲ್ಲ.

ಐಯುಸಿಎನ್ ಪಟ್ಟಿಯಲ್ಲಿ ಅದೀಗ ಅಳಿವಿನ ಅಂಚಿನಲ್ಲಿದೆ. 2019ರಲ್ಲಿ ಆ ಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿಯಂತ್ರಣ ಬಂತು. ಯುರೋಪು, ಅಮೆರಿಕದ ಹವ್ಯಾಸಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಮಾತ್ರ ಅದು ಮರಿ ಮಾಡುತ್ತಲೇ ಇದೆ. ಇದನ್ನು ಸಂರಕ್ಷಣೆ ಎನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ, ಅಲ್ಲಿ ಹುಟ್ಟಿದ ಮರಿ ನಂದ್ಯಾಲದ ಕಾಡಿಗೆ ಮರಳುವುದಿಲ್ಲ. ಆದರೆ ಅವರ ಶ್ರದ್ಧೆ ಸುಳ್ಳಲ್ಲ. ವಾರ್ಡ್‌ನ ಬಾಟಲಿಯಂತೆ ಬಿಗಿಯಾಗಿ ಮುಚ್ಚಿದರೆ ಈ ಜೇಡ ಉಳಿಯದು, ಅದಕ್ಕೆ ಗಾಳಿಯಾಡಬೇಕು. ಅದು ಮರದ ಪೊಟರೆಯ ಜೀವಿಯಾದ್ದರಿಂದ ಪೆಟ್ಟಿಗೆ ಎತ್ತರವಾಗಿರಬೇಕು, ಒಳಗೆ ಟೊಳ್ಳು ತೊಗಟೆಯೊಂದನ್ನು ನೆಟ್ಟಗೆ ನಿಲ್ಲಿಸಬೇಕು. ಅದು ವಾಸವಿದ್ದ ಹಳೆಯ ಮರಗಳನ್ನು ಸೌದೆಗೆಂದು ಈಗಲೂ ಕಡಿಯುತ್ತಾರೆ.