ಕನ್ನಡ ಕೀಲಿಮಣೆ: ಮುಕ್ತತೆ ಮತ್ತು ಗೋಪ್ಯತೆ

ಮೊಬೈಲಿನಲ್ಲಿ ನಾವು ಬರೆಯುವ ಪ್ರತಿಯೊಂದು ಅಕ್ಷರವೂ, ಅದು ಪತ್ರವಿರಲಿ, ಗುಪ್ತಪದವಿರಲಿ, ಕೀಲಿಮಣೆ ಎಂಬ ತಂತ್ರಾಂಶದ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದ ಅದನ್ನು ಆರಿಸುವ ಮೊದಲು ಅದರ ಇತಿಹಾಸವನ್ನು ಅರಿಯುವುದು ಒಳ್ಳೆಯದು.

ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡವನ್ನು ಧ್ವನಿಗೆ ತಕ್ಕಂತೆ ಹೊಂದಿಸಿದವರು ಕೆ.ಪಿ. ರಾವ್. ‘ಕೆ’ ಕೀಲಿ ಒತ್ತಿದರೆ ‘ಕ’, ಶಿಫ್ಟ್ ಜೊತೆಗೆ ಒತ್ತಿದರೆ ‘ಖ’. ಈ ವಿನ್ಯಾಸವನ್ನು ಅವರು ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟರು. ಕರ್ನಾಟಕ ಸರ್ಕಾರ ಅದನ್ನೇ ಶಿಷ್ಟ ವಿನ್ಯಾಸವೆಂದು ಒಪ್ಪಿತು. ನುಡಿಯಲ್ಲೂ ಲಿನಕ್ಸ್‌ನಲ್ಲೂ ಇಂದು ಅದು ಸಿಗುತ್ತದೆ.

2012ರಲ್ಲಿ ಬಂದ ಆಂಡ್ರಾಯ್ಡ್ 4.1ರ ಮೂಲ ಅಕ್ಷರಶೈಲಿಗೆ ಕನ್ನಡವೂ ಸೇರಿತು. ಆಂಡ್ರಾಯ್ಡ್ ಕೀಲಿಮಣೆಯ ಆಕರ ಸಂಕೇತ ಮುಕ್ತವಾಗಿತ್ತು. ಅದನ್ನೇ ಆಧರಿಸಿ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ‘ಇಂಡಿಕ್ ಕೀಬೋರ್ಡ್’ ರೂಪಿಸಿತು. ಅದರಲ್ಲಿ ಕನ್ನಡ, ಮರಾಠಿ ಎರಡೂ ಇವೆ. ಎರಡೂ ಭಾಷೆಗಳು ಬಳಕೆಯಲ್ಲಿರುವ ಖಾನಾಪುರ ತಾಲ್ಲೂಕಿನ ಬೀಡಿಯಂಥ ಊರುಗಳಿಗೆ ಇದು ಅನುಕೂಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಗೋಪ್ಯತೆಯನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಮುಕ್ತ ತಂತ್ರಾಂಶವೆಂದ ಮಾತ್ರಕ್ಕೆ ಗೋಪ್ಯತೆ ಖಚಿತವಾಗದು. ಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಬಹುದು ಎಂಬುದಷ್ಟೇ ಅದರ ಅರ್ಥ. ಆ್ಯಪ್ ಕೇಳುವ ಅನುಮತಿಗಳನ್ನೂ ನೋಡಬೇಕು. ಆಂಡ್ರಾಯ್ಡ್‌ನಲ್ಲಿ ಅಂತರಜಾಲದ ಅನುಮತಿ ನಮ್ಮನ್ನು ಕೇಳದೆಯೇ ದೊರೆಯುತ್ತದೆ. 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಸಂಗ್ರಹವು ಪ್ರತಿ ಆ್ಯಪ್‌ನ ಅನುಮತಿಗಳನ್ನು ಪಟ್ಟಿಮಾಡುತ್ತದೆ. ಅಲ್ಲಿರುವ ‘ಹೆಲಿಬೋರ್ಡ್’ ಕೀಲಿಮಣೆ ಅಂತರಜಾಲದ ಅನುಮತಿಯನ್ನೇ ಕೇಳುವುದಿಲ್ಲ.

ಅಕ್ಷರ ಮೂಡಿಸಲು ಅಂತರಜಾಲವೇಕೆ? ನಿಮ್ಮ ಕೀಲಿಮಣೆಗೆ ಈ ಪ್ರಶ್ನೆ ಹಾಕಿ ನೋಡಿ.